ತಾತ ತೋರಿಸಿದ ಮುಚ್ಚಳ

ಬಂಕಿನ ತಾತನ ಬಲಗೈ ತೋರುಬೆರಳು ಪೆಟ್ರೋಲಿನಲ್ಲಿ ನೆಂದೂ ನೆಂದೂ ಬಿಳಿಚಿ, ತುದಿಯಲ್ಲಿ ಸೀಳು ಬಿಟ್ಟಿತ್ತು. ಯಾರ ಗಾಡಿ ಬಂದರೂ ಟ್ಯಾಂಕಿನ ಮುಚ್ಚಳವನ್ನು ತಾವೇ ತೆಗೆದು, ಅದರೊಳಗಿನ ರಬ್ಬರ್ ವಾಷರಿನ ಮೇಲೆ ಆ ಬೆರಳನ್ನು ಒಂದು ಸುತ್ತು ಆಡಿಸದೆ ಪೈಪು ಹಿಡಿಯುತ್ತಿರಲಿಲ್ಲ. ಹಿಂದಿನವರು ಹಾರ್ನ್ ಬಾರಿಸಿದರೆ, “ಒಂದ್ ಚಣ ಇರ್ರಪ್ಪಾ, ಪೆಟ್ರೋಲ್ ಎಲ್ಲಿಗ್ ಓಡೋಯ್ತದೆ?” ಎನ್ನುವರು. ಅವರ ಊರು ಮಡಕಶಿರದ ಕಡೆಯ ರತ್ನಗಿರಿ. ಮೂವತ್ತು ವರ್ಷ ರಾಯದುರ್ಗದಲ್ಲಿದ್ದರೂ ಮಾತು ಆ ಕಡೆಯದೇ. ನಾವು ರೇಗಿಸಿದರೆ ಇನ್ನಷ್ಟು ಎಳೆದು ಮಾತಾಡುವರು.

ನನ್ನದು ಅಪ್ಪನ ಕಾಲದ ಮೊಪೆಡ್. ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟುಗಳನ್ನು ಅದರ ಮೇಲೇ ಸಾಗಿಸುತ್ತಿದ್ದೆ. “ಸಾಮಿ, ಈ ವಾಷರ್ ಬಿರಿದೋಗೈತೆ. ಈಗಿನ ಪೆಟ್ರೋಲ್‌ನಾಗೆ ಎಥನಾಲ್ ಬೆರ್ಸವ್ರೆ, ಹಳೇ ರಬ್ಬರ್‌ಗೆ ಅದು ಆಗಿಬರಾಕಿಲ್ಲ. ನೀರು ಒಳಕ್ ಇಳಿದ್ರೆ ಅದ್ರ ಜತೆ ಸೇರ್ಕಂಡು ತಳಕ್ ಕುಂತ್ಕಂತದೆ” ಎಂದು ಎರಡು ಸಲ ಹೇಳಿದ್ದರು. ಎರಡು ಸಲವೂ ಹೂಂಗುಟ್ಟಿ ಮರೆತೆ.

ಒಂದು ಮಳೆಗಾಲ ಗಾಡಿ ಎರಡು ದಿನ ಬಯಲಲ್ಲೇ ನೆನೆಯಿತು. ಮೂರನೆಯ ದಿನ ಪೆಟ್ರೋಲ್ ಹಾಕಿಸಿಕೊಳ್ಳುವಾಗ ತಾತ ಮತ್ತೆ ಏನೋ ಹೇಳಹೊರಟರು. ಅವಸರದಲ್ಲಿ ಮುಚ್ಚಳ ಕಸಿದುಕೊಂಡು ಹೊರಟುಬಿಟ್ಟೆ. ಬಳ್ಳಾರಿ ರಸ್ತೆಯ ನಡುವೆ ಗಾಡಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಗೇಣಿನಷ್ಟರಲ್ಲಿ ತಪ್ಪಿತು. ಟ್ಯಾಂಕಿನಲ್ಲಿದ್ದುದನ್ನು ಬಾಟಲಿಗೆ ಬಿಟ್ಟು ನೋಡಿದರೆ ಮೇಲೆ ಪೆಟ್ರೋಲು, ಕೆಳಗೆ ನೀರಿನಂಥದ್ದು.

ಆಟೋ ಹಿಡಿದು ಬಂಕಿಗೆ ಬಂದೆ. “ನೀರು ಕಲಸಿ ಮಾರ್ತೀಯೇನ್ಲೇ ಮುದುಕಾ!” ಎಂದು ಕೂಗಿದೆ. ಜನ ಸೇರಿ ಮೊಬೈಲ್ ಎತ್ತಿ ಹಿಡಿದರು. “ಮುಚ್ಚಳದ್ ವಾಷರ್ ಒಂದ್ಸಲ ನೋಡಿ ಸಾಮಿ” ಎಂದರು ತಾತ. ನಾನು ಆ ಬಾಟಲಿಯನ್ನು ಅವರ ಎದೆಯ ಮೇಲೆ ಸುರಿದೆ.

ಪೆಟ್ರೋಲ್ ಬಂಕಿನಲ್ಲಿ, ಒಬ್ಬ ಮನುಷ್ಯನ ಮೈಮೇಲೆ, ಪೆಟ್ರೋಲು! ಅದು ನಾನೇನಾ ಎಂದು ಈಗಲೂ ದಿಗಿಲಾಗುತ್ತದೆ. ತಾತ ಬೈಯಲಿಲ್ಲ. ಎರಡೂ ಕೈ ಅಡ್ಡ ಚಾಚಿ, “ನನ್ ಅತ್ರ ಯಾರೂ ಬರ್ಬ್ಯಾಡ್ರಪ್ಪಾ, ಫೋನ್ ಆಫ್ ಮಾಡ್ರಿ, ದೂರ ಹೋಗ್ರಿ” ಎನ್ನುತ್ತ ಹಿಂದಹಿಂದಕ್ಕೆ ನಡೆದು ನಲ್ಲಿಯ ಕೆಳಗೆ ಕುಳಿತರು.

ಮಾರನೆಯ ದಿನ ಮೆಕ್ಯಾನಿಕ್ ನನ್ನ ಮುಚ್ಚಳವನ್ನು ತಿರುವಿ ತೋರಿಸಿದ. ವಾಷರ್ ಎರಡು ಕಡೆ ಸೀಳಿತ್ತು. “ಮಳಿ ನೀರು ಇಲ್ಲಿಂದ್ಲೇ ಇಳದೈತ್ರಿ.” ಬಂಕಿಗೆ ಓಡಿದೆ. ತಾತನನ್ನು ಕೆಲಸದಿಂದ ತೆಗೆದಾಗಿತ್ತು. ತಪ್ಪು ನನ್ನದೆಂದು ಮಾಲೀಕರಿಗೆ ಹೇಳಿದೆ.

“ಗೊತ್ತೈತ್ರಿ,” ಎಂದರು ಅವರು. “ತಾತ ನಿನ್ನೇನ ಹೇಳಿದ್ರು. ಆದ್ರ ಜನ ವಿಡಿಯೋ ಮಾಡ್ಯಾರಲ್ರಿ, ಯಾರನ್ನರ ಒಬ್ಬರನ್ನ ತೆಗೀಬೇಕಾಗಿತ್ತು.”

ರತ್ನಗಿರಿಗೆ ಹೋಗುವ ಧೈರ್ಯ ಬರಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ತಾತ ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿ ಬಾಗಿಲಿಗೆ ಬಂದು ಯಾರೆಂದು ಕೇಳಿದರು.

“ರಾಯದುರ್ಗದಿಂದ ಬಂದೀನ್ರಿ. ತಾತ ನನ್ನ ಗಾಡಿಗೆ ಪೆಟ್ರೋಲ್ ಹಾಕ್ತಿದ್ರು.”

ಅಜ್ಜಿಯ ಮುಖ ಅರಳಿತು. ಒಳಗೆ ತಿರುಗಿ ಸೊಸೆಯನ್ನು ಕೂಗಿದರು: “ನೋಡಮ್ಮಿ, ಕಳ್ಳ ಅಂತ ಹೆಸ್ರು ಹೊರ್ಸಿ ಕಳ್ಸಿದ್ರೂ, ನಿಮ್ ಮಾವನ್ನ ನಂಬಿದ್ ಗಿರಾಕಿ ಒಬ್ರು ಅಷ್ಟ್ ದೂರದಿಂದ ಬಂದವ್ರೆ. ಉಣ್ಣಾಕಿಕ್ಕು.”

ನಾನು ಯಾರೆಂದು ಹೇಳಲಿಲ್ಲ. ಇಕ್ಕಿದ ಮುದ್ದೆಯನ್ನು ತಲೆತಗ್ಗಿಸಿ ಉಂಡೆ.