ತಗಡಿನ ಮುಚ್ಚಳ

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಸುಮ್ಮನೆ ಕೂರುವುದಿಲ್ಲ. ಅಂಗಡಿಯನ್ನು ಮಗಳಿಗೆ ವಹಿಸಿ ಮನೆಯಲ್ಲಿ ಕೂತ ಮೇಲೆ ಗಡಿಯಾರದವರು ಬಾಗಿಲ ಕೀಲು, ನಲ್ಲಿ, ಹೆಂಡತಿಯ ಹೊಲಿಗೆ ಯಂತ್ರ, ಯಾವುದನ್ನೂ ಬಿಡದೆ ಬಿಚ್ಚಿ ಹರಡಿಕೊಂಡು ಮನೆಯವರ ಜೀವ ಹಿಂಡತೊಡಗಿದರು. ಕೊನೆಗೆ ಅವರ ಅಕ್ಕ ಕರೆದು ಕೈಗೊಂದು ಕೀಲಿಕೈ ಕೊಟ್ಟಳು.

"ತಗೋ ಕುಳ್ಳ. ನಮ್ಮ ಶೆಡ್ಡಲ್ಲಿ ಅಪ್ಪನ ಕಾರು ಇಪ್ಪತ್ತು ವರ್ಷದಿಂದ ಮಲಗಿದೆ. ಹೋಗಿ ಎಬ್ಬಿಸು. ಪಾಪ, ನಿನ್ನ ಹೆಂಡತಿ ಸ್ವಲ್ಪ ಉಸಿರಾಡಲಿ. ಆದರೆ ಮೊದಲು ಕೂರೋದು ನಾನು, ಗೊತ್ತಾಯ್ತಾ?"

ಆಗ ಅವಳ ಕಣ್ಣು ಮಂಜಾಗಿತ್ತು, ಅಷ್ಟೆ. "ಬೇಗ ಮುಗಿಸೋ. ಈ ಕಣ್ಣು ನಿನಗೋಸ್ಕರ ಕಾಯ್ತಾ ಕೂರಲ್ಲ" ಎಂದು ನಗುತ್ತಲೇ ಹೇಳಿದ್ದಳು.

ಮುಗಿಸಲು ನಾಲ್ಕು ವರ್ಷ ಹಿಡಿಯಿತು. ಗಡಿಯಾರದವರಿಗೆ ಅವಸರವೆಂಬುದು ಗೊತ್ತೇ ಇರಲಿಲ್ಲ. ಒಂದೊಂದು ತಿರುಪನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಭೂತಗನ್ನಡಿಯಲ್ಲಿ ನೋಡಿ, ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡುತ್ತಿದ್ದರು. ತೆಗೆದುಹಾಕಿದ ಸಾಮಾನನ್ನು ಎಸೆಯುತ್ತಿರಲಿಲ್ಲ. ಪೊಟ್ಟಣ ಕಟ್ಟಿ, ಚೀಟಿ ಬರೆದು, ಪೆಟ್ಟಿಗೆಗೆ ಹಾಕುತ್ತಿದ್ದರು. ಗಿರಾಕಿ ಯಾವಾಗ ಬಂದು 'ನನ್ನ ಹಳೆಯ ಮುಳ್ಳು ಎಲ್ಲಿ' ಎಂದು ಕೇಳುತ್ತಾನೋ ಎಂಬ ಅಂಗಡಿಯ ಅಭ್ಯಾಸ ಅದು. ಇಂಜಿನ್ ಕೆಲಸಕ್ಕೆ ಬರುತ್ತಿದ್ದ ಮೇಸ್ತ್ರಿ ನೋಡಿ ನೋಡಿ ಸುಸ್ತಾಗಿ, "ಸಾರ್, ಇದು ಕಾರು, ಕೈಗಡಿಯಾರ ಅಲ್ಲ. ಕಿವಿಗೆ ಹಿಡ್ಕೊಂಡು ಕೇಳೋಕೆ ಹೋಗ್ಬೇಡಿ, ಸೊಂಟ ಹೋಗತ್ತೆ" ಎನ್ನುತ್ತಿದ್ದ.

ಹೊರಗಿನ ಕೆನೆ ಬಣ್ಣ, ಸೀಟಿನಡಿ ಉಳಿದಿದ್ದ ಹಳೆಯ ಬಣ್ಣಕ್ಕೆ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಹೊಂದಲಿಲ್ಲ. ಪೂರ್ತಿ ಉಜ್ಜಿಸಿ ಎರಡನೇ ಸಲ ಬಳಿಸಿದರು. ಅದೇ ತಿಂಗಳು ಅಕ್ಕನ ಕಣ್ಣು ಪೂರ್ತಿ ಆರಿತು. ಮೊದಲ ಬಣ್ಣಕ್ಕೇ ಸಾಕೆಂದಿದ್ದರೆ ಅವಳು ಕಾರನ್ನು ಒಮ್ಮೆಯಾದರೂ ನೋಡುತ್ತಿದ್ದಳು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಕಣ್ಣಿಗೆ ಕೊಡಲಾಗದ್ದನ್ನು ಕೈಗೆ, ಕಿವಿಗೆ ಕೊಡೋಣವೆಂದು ಇನ್ನಷ್ಟು ತಿದ್ದಿದರು.

ಕಾರು ಸಿದ್ಧವಾದ ದಿನ ಅಕ್ಕನ ಕೈಹಿಡಿದು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಅವಳು ಸೀಟು ಸವರಿದಳು. ಬಾಗಿಲು ಎಳೆದುಕೊಂಡಳು. ಆಮೇಲೆ ಚಪ್ಪಲಿ ಬಿಟ್ಟು, ಬರಿಗಾಲಿನಿಂದ ನೆಲದ ಮೇಲೆ ಏನನ್ನೋ ಹುಡುಕತೊಡಗಿದಳು.

"ಎಲ್ಲೋ ಅದು?"

"ಯಾವುದಕ್ಕ?"

"ತೂತು."

ಗಡಿಯಾರದವರಿಗೆ ಆಗ ನೆನಪಾಯಿತು. ಅಪ್ಪ ಹಳೆಯದಾಗಿಯೇ ಕೊಂಡಿದ್ದ ಆ ಕಾರಿನ ನೆಲದಲ್ಲಿ ತುಕ್ಕು ತಿಂದು ಅಂಗೈ ಅಗಲದ ತೂತು ಬಿದ್ದಿತ್ತು. ಅಪ್ಪ ಅದಕ್ಕೆ ಬಿಸ್ಕತ್ತು ಡಬ್ಬಿಯ ಮುಚ್ಚಳ ಮುಚ್ಚಿದ್ದ. ಚಿಕ್ಕಂದಿನಲ್ಲಿ, ಕಾರು ಹೊರಟಿತೆಂದರೆ ಅಕ್ಕ ಕಾಲಿನಿಂದ ಮುಚ್ಚಳ ಸರಿಸುವಳು. ತಮ್ಮ ಬೋರಲು ಬಿದ್ದು, ಕೆಳಗೆ ಓಡುವ ರಸ್ತೆ ನೋಡುವನು. ಬೀಳದಂತೆ ಅವನ ಕಾಲರ್ ಅವಳ ಮುಷ್ಟಿಯಲ್ಲಿ. ಮುಂದಿನಿಂದ ಅಪ್ಪ, "ನೆಲ ಯಾಕೆ ಇಷ್ಟು ಸದ್ದು ಮಾಡ್ತಿದೆ?" ಎಂದರೆ, ಅಕ್ಕ ಏನೂ ಅರಿಯದವಳಂತೆ, "ಗೊತ್ತಿಲ್ಲ ಅಪ್ಪ" ಎನ್ನುವಳು. ಒಮ್ಮೆ ಅವಳ ಚಪ್ಪಲಿಯೇ ಕೆಳಗೆ ಹೋಗಿತ್ತು. ಆಗಲೂ ಅದೇ ಉತ್ತರ.

"ಬೆಸುಗೆ ಹಾಕಿಸಿಬಿಟ್ಟೆ ಅಕ್ಕ. ತುಕ್ಕು ಹಿಡಿದಿತ್ತಲ್ಲ."

"ಓಹೋ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ಚೆನ್ನಾಗಿದೆ ಕಣೋ. ಯಾರದೋ ದೊಡ್ಡೋರ ಮನೆ ಕಾರಿನ ಹಾಗಿದೆ. ಒಳಗೆ ಹೋಗೋಣ ಬಾ, ಬಿಸಿಲು."

ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಗಡಿಯಾರ ಸರಿಹೋದರೆ ಗಿರಾಕಿ ತನ್ನದೆಂದು ಕಟ್ಟಿಕೊಂಡು ಹೋಗುತ್ತಾನೆ. ಕಾರೂ ಹಾಗೆಯೇ ಎಂದುಕೊಂಡಿದ್ದರು. ಮನೆಗೆ ಬಂದು ಪೆಟ್ಟಿಗೆ ತಡಕಾಡಿದಾಗ ಒಂದು ಅಗಲವಾದ ಪೊಟ್ಟಣ ಸಿಕ್ಕಿತು. ಚೀಟಿಯಲ್ಲಿ ತಮ್ಮದೇ ಮುದ್ದಾದ ಅಕ್ಷರ: 'ಹಿಂದಿನ ನೆಲ, ಎಡಗಡೆ. ಮುಚ್ಚಳ. ಉಪಯೋಗವಿಲ್ಲ.'

ಮರುದಿನ ಬೆಳಿಗ್ಗೆಯೇ ಕಾರನ್ನು ವೆಲ್ಡಿಂಗ್ ಅಂಗಡಿಗೆ ಒಯ್ದರು.

"ಇಲ್ಲಿ ಒಂದು ತೂತು ಮಾಡಪ್ಪ."

"ಸಾರ್, ಅದನ್ನ ಮುಚ್ಚಿದ್ದೇ ನಾನು!"

"ಅದಕ್ಕೇ ನಿನ್ನ ಹತ್ರ ಬಂದಿದ್ದು. ಎಲ್ಲಿತ್ತು ಅಂತ ನಿನಗೇ ಗೊತ್ತಲ್ಲ."

ವೆಲ್ಡಿಂಗಿನವನು ಮುಖಗವಚ ಮೇಲಕ್ಕೆತ್ತಿ ಅವರನ್ನು ಒಂದು ಗಳಿಗೆ ನೋಡಿದ. "ನಿಮಗೆ ಹುಷಾರಿದೆ ತಾನೇ?" ಎಂದು ಕೇಳಿ, ಆಮೇಲೆ ಕೊರೆದುಕೊಟ್ಟ. ಅಂಚು ಕಾಲಿಗೆ ತಾಗದಂತೆ ಗಡಿಯಾರದವರು ತಾವೇ ಸಣ್ಣ ಅರ ಹಿಡಿದು ಒಂದು ಗಂಟೆ ಉಜ್ಜಿದರು. ಮುಚ್ಚಳದ ತುಕ್ಕನ್ನು ಮಾತ್ರ ಮುಟ್ಟದೆ, ಹಾಗೆಯೇ ತೂತಿನ ಮೇಲಿಟ್ಟರು.

"ಕಂಡೋರ ಕಾರಲ್ಲಿ ನಾನು ಯಾಕೋ ಸುತ್ತಲಿ?" ಎಂದು ಗೊಣಗುತ್ತಲೇ ಅಕ್ಕ ಹತ್ತಿದಳು. ಅವರು ಕಾರು ಹೊರಡಿಸಿದರು. ಬೀದಿ ದಾಟಿ ದೊಡ್ಡ ರಸ್ತೆಗೆ ಹೊರಳಿದಾಗ ಹಿಂದಿನಿಂದ ಸಣ್ಣ ಸದ್ದು ಕೇಳಿತು, ತಗಡು ಕಬ್ಬಿಣದ ಮೇಲೆ ಜರುಗಿದ ಸದ್ದು. ಕೆಳಗಿನಿಂದ ಗಾಳಿ, ಅದರೊಂದಿಗೆ ಟಾರಿನ ಬಿಸಿ ವಾಸನೆ ಒಳನುಗ್ಗಿತು. ಗಡಿಯಾರದವರು ಹಿಂತಿರುಗಿ ನೋಡಲಿಲ್ಲ.

ರಸ್ತೆ ನೋಡುತ್ತಲೇ ಕೇಳಿದರು, "ನೆಲ ಯಾಕೆ ಇಷ್ಟು ಸದ್ದು ಮಾಡ್ತಿದೆ?"

ಒಂದು ಕೈ ಸೀಟಿನ ಮೇಲಿನಿಂದ ತಡವುತ್ತ ಬಂದು ಅವರ ಕಾಲರನ್ನು ಹುಡುಕಿ ಹಿಡಿಯಿತು.

"ಗೊತ್ತಿಲ್ಲ ಅಪ್ಪ" ಎಂದಳು ಅಕ್ಕ.