ಅಕ್ಕನ ಮೆಷಿನ್ನಿನಲ್ಲಿ ಕೂತ ಮೂರು ದಿನ

ಮಾಡದಕೆರೆಯಿಂದ ಹೊಸದುರ್ಗದ ಗಾರ್ಮೆಂಟ್ಸ್‌ಗೆ ಹೋಗುವ ವ್ಯಾನಿನಲ್ಲಿ ಅಕ್ಕನಿಗೂ ನನಗೂ ಒಂದೇ ಸೀಟು. ಒಡಹುಟ್ಟಿದವಳಲ್ಲ, ನಮ್ಮ ಕೇರಿಯವಳು. ನನಗೆ ಹೊಲಿಗೆ ಕಲಿಸಿದವಳು. ಅಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಅಂಗಿಗಳಿಗೆ ತೋಳು ಕೂಡಿಸುತ್ತಿದ್ದೆವು.

ಊರಲ್ಲಿ ಕಳೆ ಕೀಳಲು ಮುಯ್ಯಾಳು ಹೋಗುತ್ತೇವಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು, ಅದನ್ನೇ ಕಾರ್ಖಾನೆಗೂ ತಂದಿದ್ದೆವು. ಒಬ್ಬಳಿಗೆ ಹುಷಾರಿಲ್ಲದ ದಿನ ಪಕ್ಕದವಳು ನಾಲ್ಕು ಅಂಗಿ ಹೆಚ್ಚು ಹೊಲಿದು ಅವಳ ಬುಟ್ಟಿಗೆ ಹಾಕುತ್ತಿದ್ದಳು. ಸೂಪರ್‌ವೈಸರ್ ಕಂಡೂ ಕಾಣದಂತೆ ಇರುತ್ತಿದ್ದರು.

ಹೋದ ವರ್ಷ ಪ್ರತಿ ಮೆಷಿನ್ನಿಗೂ ಒಂದೊಂದು ಪರದೆ ಬಂತು. ಬೆಳಿಗ್ಗೆ ನಮ್ಮ ಕಾರ್ಡ್ ತೋರಿಸಬೇಕು. ಆಮೇಲೆ ಸೂಜಿ ಓಡಿದ್ದು, ನಿಂತದ್ದು, ನಾವು ನೀರು ಕುಡಿಯಲು ಎದ್ದದ್ದು, ಎಲ್ಲವೂ ಆಫೀಸಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಗುರಿ ಮುಟ್ಟದವರ ಪರದೆ ಕೆಂಪಾಗುತ್ತದೆ. ಹಾಳಾದ್ದು, ಅದೇ ಹೊತ್ತಿಗೆ ಅಕ್ಕನ ಬಲಗೈ ಮಣಿಕಟ್ಟು ಊದಿಕೊಂಡಿತು. ಅವಳ ಪರದೆ ದಿನವೂ ಕೆಂಪು. ಇನ್ನೊಂದು ವಾರ ನೋಡಿ ಕೆಲಸದಿಂದ ತೆಗೆಯುತ್ತೇವೆ ಎಂದರು.

ನಾನು ಬಲು ಜಾಣೆ ನೋಡಿ! ಜಾಗ ಬದಲಾಯಿಸಿದರಾಯಿತು ಎಂದೆ. ಬೆಳಿಗ್ಗೆ ಅವರವರ ಪರದೆಗೆ ಅವರವರ ಕಾರ್ಡ್ ತೋರಿಸಿ, ಮೂರು ದಿನ ಅವಳ ಮೆಷಿನ್ನಿನಲ್ಲಿ ನಾನು ಕೂತೆ, ನನ್ನದರಲ್ಲಿ ಅವಳು. ಸೂಪರ್‌ವೈಸರ್ ಈಗ ಪರದೆಯ ಬಣ್ಣ ನೋಡುತ್ತಿದ್ದರೇ ಹೊರತು ಕೂತವರ ಮುಖವನ್ನಲ್ಲ. ಅವಳ ಪರದೆ ಹಸಿರಾಯಿತು. ನನ್ನದು ಕೆಂಪಾದರೂ ಮೂರು ದಿನಕ್ಕೆ ಏನೂ ಆಗದೆಂಬ ಧೈರ್ಯ ನನಗಿತ್ತು.

ನಾಲ್ಕನೆಯ ದಿನ ಅಕ್ಕ ತನ್ನ ಮೆಷಿನ್ನಿಗೆ ಮರಳಿದಾಗ ಪರದೆ ಅವಳ ಗುರಿಯನ್ನೇ ಏರಿಸಿಬಿಟ್ಟಿತ್ತು. ನನ್ನ ಕೈಯ ವೇಗವನ್ನು ಅವಳದೇ ಎಂದುಕೊಂಡಿತ್ತು. ಮಧ್ಯಾಹ್ನದೊಳಗೆ ಮತ್ತೆ ಕೆಂಪು. ಸೂಪರ್‌ವೈಸರ್ ಬಂದರು.

"ನಿನ್ನೆ ಕೈ ಚೆನ್ನಾಗೇ ಓಡೈತಲ್ಲಮ್ಮ? ನೋವು ಗೀವು ಎಲ್ಲ ನಾಟ್ಕ ಅಂತ ಕಂಪ್ಯೂಟ್ರೇ ಹೇಳ್ತೈತೆ."

ಹೊಲಿದವಳು ನಾನು ಎನ್ನಲು ಎದ್ದೆ. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು.

"ಸುಮ್ನೆ ಕುಂತ್ಕಳೆ. ಇಬ್ರೂ ಮನೆಗೆ ಹೋಗೋದ್ಯಾಕೆ?"

ಕೂತುಬಿಟ್ಟೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆ ವಾರವೇ ಅಕ್ಕನನ್ನು ಕಳಿಸಿದರು.

ಮೊನ್ನೆ ಭಾನುವಾರ ನಮ್ಮ ಶೇಂಗಾ ಹೊಲದ ಕಳೆಗೆ ಅವಳು ಕರೆಯದೆಯೇ ಬಂದಳು, ಎಡಗೈಯಲ್ಲಿ ಕುರ್ಪಿ ಹಿಡಿದು. ನೀನ್ಯಾಕೆ ಬಂದೆ ಅಕ್ಕ ಎಂದು ಕೇಳಿದೆ. ಅವಳು ಆಗಲೇ ಸಾಲಿಗೆ ಕೂತಿದ್ದಳು.

"ಮೂರು ದಿನ ನನ್ ಮೆಷಿನ್ನಾಗೆ ಹೊಲ್ದಿದ್ಯಲ್ಲೇ. ಮೂರು ಭಾನ್ವಾರ ಬತ್ತೀನಿ."