ಅವ್ವ ಕಂಡ ಗಾಜಿನ ಕೂದಲು

ಆಪ್ಟಿಕಲ್ ಫೈಬರನ್ನು ಕಣ್ಣಾರೆ ಕಾಣದೆಯೇ ನಾನು ಎರಡು ವರ್ಷ ಅದರ ಪಾಠ ಹೇಳಿದ್ದೇನೆ. ಹುಡುಗರು ಪಾಸಾದರು, ನನಗೂ ಬಡ್ತಿ ಸಿಕ್ಕಿತು. ಎಂಬತ್ತರ ದಶಕದ ಆರಂಭ ಅದು. ಬೆಳಕಿನ ಮೂಲಕ ಮಾತು ಕಳಿಸುವ ಆ ಹೊಸ ವಿಷಯಕ್ಕೆ ನಮ್ಮ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದ್ದದ್ದು ಒಂದು ಪುಸ್ತಕ, ಒಂದು ಕರಿಹಲಗೆ ಮತ್ತು ನಾನು. ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರ ಒಂದು ತುದಿಯಲ್ಲಿ ಹೊಕ್ಕ ಬೆಳಕು ಗೋಡೆಗೆ ಬಡಿಬಡಿದು ಒಳಗೇ ಸಾಗಿ ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ ಎಂದು ಹಲಗೆಯ ತುಂಬ ಗೀಚುತ್ತಿದ್ದೆ.

ಸವಣೂರಿನ ನಮ್ಮದು ಶಾಸ್ತ್ರ ಓದಿದವರ ಮನೆತನ. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳು ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿದ್ದವು. ಕಂಡದ್ದು, ತರ್ಕಿಸಿದ್ದು, ನಂಬತಕ್ಕ ಗ್ರಂಥ ಹೇಳಿದ್ದು. ಅಜ್ಜ ಕಾಣದ ವೈಕುಂಠದ ಬಗ್ಗೆ ಜೀವನವಿಡೀ ಪಾಠ ಹೇಳಿದರು, ನೀವು ನೋಡಿದ್ದೀರಾ ಎಂದು ಯಾರೂ ಕೇಳಲಿಲ್ಲ. ಮೊಮ್ಮಗ ಕಾಣದ ಗಾಜಿನ ಎಳೆಯ ಪಾಠ ಹೇಳಿದರೆ ಏನಂತೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನನ್ನನ್ನು ಮಾತ್ರ ಚನ್ನಪ್ಪ ಕೇಳಿದ. ಹಿರೇಕೆರೂರಿನ ಒಕ್ಕಲುತನದ ಮನೆಯ ವಿದ್ಯಾರ್ಥಿ. ಹಲ್ಲು ನೋಡದೆ ಎತ್ತು ಕೊಳ್ಳದ ಜನ. ಒಂದು ದಿನ ಎದ್ದು ನಿಂತು, "ಸರ್, ಅದನ್ನ ನೀವು ನೋಡೀರೇನ್ರಿ?" ಎಂದ. ಇಡೀ ಕ್ಲಾಸು ನನ್ನ ಮುಖ ನೋಡಿತು. ನೋಡಿದ್ದೇನೆ ಅಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ದೀಪಾವಳಿ ರಜೆ ಮುಗಿಸಿ ಬರುವಾಗ ಒಂದು ತುಂಡು ತಂದು ತೋರಿಸುತ್ತೇನೆ ಎಂದೂ ಸೇರಿಸಿದೆ. ಸುಳ್ಳಿಗೆ ಒಂಟಿಯಾಗಿ ಇರಲು ಬರುವುದಿಲ್ಲ.

ಮುಂಬಯಿಯ ಪ್ರಯೋಗಾಲಯವೊಂದರಲ್ಲಿದ್ದ ಗೆಳೆಯನಿಗೆ ಕಾಡಿ ಬೇಡಿ ಪತ್ರ ಬರೆದೆ. ಪುಣ್ಯಾತ್ಮ ಗೇಣುದ್ದದ ತುಂಡೊಂದನ್ನು ಲಕೋಟೆಯಲ್ಲಿಟ್ಟು ಸವಣೂರಿನ ಮನೆಗೇ ಕಳಿಸಿದ. ಅದು ಬಂದ ದಿನ, ರಜೆಗೆ ಊರಿಗೆ ಬಂದಿದ್ದ ನಾನು ನೆಂಟರ ಮದುವೆಗೆಂದು ಹಾನಗಲ್ಲಿಗೆ ಹೋಗಿದ್ದೆ. ಲಕೋಟೆ ಒಡೆದವಳು ಅವ್ವ. ಒಳಗಿನ ಚೀಟಿಯ ಇಂಗ್ಲಿಷ್ ಆಕೆಗೆ ಬಾರದು. ಕಂಡದ್ದು ಕೂದಲು ಮಾತ್ರ. ಮಗನ ಹೆಸರಿಗೆ ಯಾರೋ ಕೂದಲು ಕಳಿಸಿದ್ದಾರೆಂದರೆ ಅದು ಮಾಟವಲ್ಲದೆ ಇನ್ನೇನು? ಉಪ್ಪು, ಮೆಣಸಿನಕಾಯಿಯ ಜೊತೆ ಅದನ್ನೂ ಹಿಡಿದು, ಗೋಡೆಯ ಮೇಲಿನ ನನ್ನ ಪದವಿಯ ಫೋಟೋಕ್ಕೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದ್ದಳು. ಮೆಣಸಿನಕಾಯಿಯ ಘಾಟು ಬರಲಿಲ್ಲವಂತೆ. ಹಾಗಾಗಿ ಮಾಟ ಜೋರೇ ಇದ್ದಿರಬೇಕು ಎಂಬುದು ಆಕೆಯ ತೀರ್ಮಾನ.

ಮರಳಿ ಬಂದು ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು, ಅಳುವೂ ಬಂತು. ಬೂದಿ ಕೆದಕಿದೆ, ಏನೂ ಸಿಗಲಿಲ್ಲ. ಚನ್ನಪ್ಪನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂಬ ಚಿಂತೆಯಲ್ಲೇ ಊಟಕ್ಕೆ ಕುಳಿತು, ಅದು ಹೇಗಿತ್ತೆಂದಾದರೂ ಹೇಳು ಎಂದು ಅವ್ವನನ್ನು ಕೇಳಿದೆ.

"ಕೂದಲಿನಂಗ ಇತ್ತಪಾ. ಒಂದು ತುದಿ ಕಿಡಕಿ ಬಿಸಲಾಗಿತ್ತು, ಇನ್ನೊಂದು ನನ್ನ ಕೈಯಾಗ, ನೆಳ್ಳಾಗ. ನೆಳ್ಳಾಗಿನ ತುದಿ ಚುಕ್ಕಿಹಂಗ ಹೊಳೀತು. ಕೂದಲು ಎಲ್ಲೆರ ಹೊಳೀತದ? ಅದಕ್ಕ ಹೆದರಿದೆ."

ಎರಡು ವರ್ಷ ನಾನು ಹಲಗೆಯ ಮೇಲೆ ಗೀಚಿದ್ದನ್ನು ಆಕೆ ಅಡಿಗೆಮನೆಯಲ್ಲಿ ನಿಂತು ಕಂಡಿದ್ದಳು. ಪ್ರತ್ಯಕ್ಷ ಆಕೆಯದು, ನನ್ನದೆಲ್ಲ ಬರೀ ಆಗಮ. ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬಾರದು.

ರಜೆ ಮುಗಿದ ಮೇಲೆ ಕ್ಲಾಸಿನಲ್ಲಿ ನಿಂತು, "ಅವತ್ತು ಸುಳ್ಳು ಹೇಳಿದೆ. ನಾ ನೋಡಿಲ್ಲ, ನಮ್ಮವ್ವ ನೋಡ್ಯಾಳ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಎಲ್ಲರೂ ನಕ್ಕರು. ಚನ್ನಪ್ಪ ನಗಲಿಲ್ಲ, ಅದು ಬಗ್ಗಿಸಿದರೂ ಹೊಳೆಯಿತಂತೇನು ಎಂದು ಕೇಳಿದ. ಪುಸ್ತಕದ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು, ಅವ್ವನನ್ನೇ ಕೇಳಿಕೊಂಡು ಬರುತ್ತೇನೆ ಎಂದೆ. ಹಾಗೆ ಹೇಳಿದ ಮೇಲೆ ಮೈ ಎಷ್ಟು ಹಗುರಾಯಿತೆಂದರೆ, ಆ ಹೊತ್ತಿನ ಪಾಠ ನನಗೇ ರುಚಿಸಿತು.

ಮುಂದೆ ನಾನು ಪಿಎಚ್.ಡಿ. ಮಾಡಿದೆ, ಪ್ರೊಫೆಸರನಾದೆ, ಉರುಳೆಗಟ್ಟಲೆ ಗಾಜಿನ ಎಳೆ ನನ್ನ ಪ್ರಯೋಗಾಲಯಕ್ಕೆ ಬಂತು. ಅದೆಲ್ಲ ಆಮೇಲಿನ ಮಾತು. ಚನ್ನಪ್ಪ ಕೇಳಿದ ಆ ವಾರದ ಶನಿವಾರವೇ ಸವಣೂರಿನ ಬಸ್ಸು ಹಿಡಿದೆ. ಅವ್ವ ಪಡಸಾಲೆಯಲ್ಲಿ ವೀಳ್ಯದೆಲೆ ಒರೆಸುತ್ತ ಕುಳಿತಿದ್ದಳು. ಅದನ್ನು ಬಗ್ಗಿಸಿದಾಗಲೂ ತುದಿ ಹೊಳೆಯುತ್ತಿತ್ತೇ ಎಂದು ಕೇಳಿದೆ. ಹೌದೆಂದಿದ್ದರೆ ನನ್ನ ಪುಸ್ತಕಕ್ಕೂ ಸರಿಹೋಗುತ್ತಿತ್ತು, ಚನ್ನಪ್ಪನಿಗೂ ಸಾಕಾಗುತ್ತಿತ್ತು. ಅವ್ವ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು.

"ನಾ ಬಗ್ಗಿಸಿರಲಿಲ್ಲ. ನೋಡದ್ದನ್ನ ಹೆಂಗ ಹೇಳ್ಲಿ? ಇನ್ನೊಂದು ತರಸು, ಇಬ್ಬರೂ ಕೂಡಿ ನೋಡೋಣ."